ಇಜೇರಿ ಖಣಿಯ ಜಿಗಿತ

ನವೆಂಬರ್ 21, 2024

ಇವತ್ತು ಮನೆಗೆ ತಂದರು. ಬಂದೆ ಎಂದು ಬರೆಯುವಂತಿಲ್ಲ. ಕಲಬುರಗಿಯಿಂದ ಜೇವರ್ಗಿಯವರೆಗೂ ಆಂಬುಲೆನ್ಸಿನ ಛತ್ತು ನೋಡುತ್ತ ಮಲಗಿದ್ದೆ. ಭೀಮಾ ನದಿಯ ಸೇತುವೆ ದಾಟಿದ್ದು ಗಾಲಿಯ ಸಪ್ಪಳದಿಂದ ಗೊತ್ತಾಯಿತು.

ಪಡಸಾಲೆಯಲ್ಲಿ ಮಂಚ ಹಾಕಿದ್ದಾರೆ. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು, “ಗಂಗಾಬಾಯಿ, ದೊಡ್ಡ ಮಗಾ ಬಂದ್ನೇನ್ರಿ?” ಎಂದು ಅವ್ವನನ್ನು ಕೇಳಿದರು. ನನ್ನ ಕಡೆ ನೋಡಿದವರು ಕಾಲಿನ ಕಡೆ ನೋಡಿದರು. ಆಮೇಲೆ ಮುಖ.

ಸೈಕ್ಲಿಂಗ್ ಹಾಸ್ಟೆಲಿನಲ್ಲಿದ್ದಾಗ ಕೋಚ್ ಸಾಹೇಬರು ಪ್ರತಿದಿನ ಎಷ್ಟು ದೂರ ಓಡಿಸಿದೆವು, ಎಲ್ಲಿ ತಪ್ಪಿದೆವು ಎಂದು ಬರೆಸುತ್ತಿದ್ದರು. ಆ ಚಟ ಬಿಟ್ಟಿಲ್ಲ. ತಪ್ಪಿದ್ದು ಎಲ್ಲಿ ಎಂದು ಬರೆಯುತ್ತೇನೆ: ಇಜೇರಿ ಹೊರಗಿನ ಪಾಳುಬಿದ್ದ ಕಲ್ಲಿನ ಖಣಿ, ಅಕ್ಟೋಬರ್ ತಿಂಗಳು. ಮೇಲಿನ ಹಾಸುಬಂಡೆಯಿಂದ ಕೆಳಗಿನ ಇಳಿಜಾರಿಗೆ ಜಿಗಿದೆ. ಮುಂದಿನ ಗಾಲಿ ಮೊದಲು ತಾಗಿತು. ತಪ್ಪು ನನ್ನದೇ. ಬೆನ್ನೆಲುಬು ಮುರಿಯಿತು. ಸೊಂಟದ ಕೆಳಗೆ ಈಗ ಏನೂ ತಿಳಿಯುವುದಿಲ್ಲ. ಡಾಕ್ಟರು “ನೋಡೋಣ” ಎನ್ನುತ್ತಾರೆ. ಅವರು ಹಾಗೆ ಹೇಳುವಾಗ ನನ್ನ ಕಡೆ ನೋಡುವುದಿಲ್ಲ.

ಅವ್ವ ನನ್ನೊಂದಿಗೆ ಮಾತಾಡುವುದಿಲ್ಲ. ಖಣಿಗೆ ಹೋಗಬೇಡ ಎಂದು ಅವತ್ತು ಬಾಗಿಲಿಗೆ ಅಡ್ಡ ನಿಂತಿದ್ದಳು. ಈಗ ಉಣಿಸುತ್ತಾಳೆ, ಮೈ ಒರೆಸುತ್ತಾಳೆ; ಏನಾದರೂ ಕೇಳಬೇಕಾದರೆ ನನ್ನೆದುರಿಗೇ ತಮ್ಮನಿಗೆ ಹೇಳುತ್ತಾಳೆ: “ಸಂತೂ, ಅವನಿಗಿ ಚಹಾ ಬೇಕೇನು ಕೇಳು.”

ನವೆಂಬರ್ 29

ಅಫ್ರೀನ ಬಂದಿದ್ದಳು. ಅವಳ ತಂದೆ ಉಸ್ಮಾನಸಾಬರದು ಬಸ್ ಸ್ಟ್ಯಾಂಡ್ ಹತ್ತಿರ ಫೋಟೊ ಸ್ಟುಡಿಯೋ. ಮದುವೆ ವಿಡಿಯೋಗಳನ್ನೆಲ್ಲ ಈಗ ಅವಳೇ ತೆಗೆಯುತ್ತಾಳೆ. ನಮ್ಮ ಸಿನಿಮಾ ಕೂಡ ಅವಳದೇ ಕ್ಯಾಮೆರಾ.

ಸಿನಿಮಾ ಎಂದು ಈಗ ಬರೆಯಲು ನಾಚಿಕೆಯಾಗುತ್ತದೆ. ಪುಣೆಯಲ್ಲಿ ಗುಡ್ಡದ ಆಟಗಳ ಸಿನಿಮೋತ್ಸವ ನಡೆಯುತ್ತದೆ. ಅಲ್ಲಿಗೆ ಬರುವ ಮೌಂಟೇನ್ ಬೈಕಿಂಗ್ ಸಿನಿಮಾಗಳಲ್ಲೆಲ್ಲ ಹಿಮ, ದೇವದಾರು, ಮಂಜು. ನಮ್ಮಲ್ಲಿ ಗುಡ್ಡವೇ ಇಲ್ಲ. ಆಳಂದದ ಕಲ್ಲುಮರಡಿ, ಅಫಜಲಪುರ ಕಡೆ ಕರಜಗಿಯ ಹೊಳೆದಂಡೆ, ಇಲ್ಲಿ ಇಜೇರಿ ಖಣಿ. ಇಷ್ಟರಲ್ಲೇ ಗುಡ್ಡದ ಸೈಕಲ್ ಓಡಿಸಿ ತೋರಿಸೋಣ ಎಂದು ಹೊರಟಿದ್ದೆವು. ಆಳಂದದ್ದು ಮುಗಿದಿತ್ತು.

ಲ್ಯಾಪ್‌ಟಾಪ್ ತೆರೆಯದೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. “ಅಮರಣ್ಣ, ನೀವು ಬಿದ್ದದ್ದು ಇದ್ರಾಗ ಅದರಿ. ಏನ್ ಮಾಡ್ಲಿ?”

“ಅಳಿಸಿ ಹಾಕು.”

“ಪೂರಾ?”

“ಪೂರಾ. ಮನಷ್ಯಾ ಬೀಳೋದು ತೋರಿಸಿ ಚಪ್ಪಾಳಿ ತಗೊಳ್ಳೋದು ನಾಚಿಕಿಗೇಡು.”

ಅವಳು ಲ್ಯಾಪ್‌ಟಾಪ್ ತೆರೆದು, ಒಮ್ಮೆ ತೋರಿಸಿ, ನನ್ನೆದುರಿಗೇ ಅಳಿಸಿದಳು. ಹೋಗುವಾಗ ಅತ್ತಳು. ನಾನು ಗೋಡೆಯ ಕಡೆ ಮುಖ ತಿರುಗಿಸಿದೆ.

ಡಿಸೆಂಬರ್ 8

ಬರೆಯುವಂಥದ್ದು ಏನೂ ಇಲ್ಲ. ಸಂತೂ ಬೆಳಿಗ್ಗೆ ಓಡಿ ಬಂದು ನನ್ನನ್ನು ಮಗ್ಗುಲಾಗಿಸುತ್ತಾನೆ. ಬೆನ್ನು ಹುಣ್ಣಾಗಬಾರದಲ್ಲ. ಅವನ ಮೈಯಿಂದ ಬೆವರಿನ, ಹೊಲದ ದಾರಿಯ ವಾಸನೆ ಬರುತ್ತದೆ. ಪೊಲೀಸ್ ಭರ್ತಿಗೆ ತಯಾರಿ ನಡೆಸಿದ್ದಾನೆ. ಲಿಖಿತ ಪರೀಕ್ಷೆ ಪಾಸಾಗಿದೆ, ಇನ್ನು ಮೈದಾನದ ಪರೀಕ್ಷೆ ಬಾಕಿ.

ಗಾಲಿಕುರ್ಚಿ ಬಂದಿದೆ. ಮೂಲೆಯಲ್ಲಿ ನಿಲ್ಲಿಸಿ ಮೇಲೆ ಟವೆಲ್ ಹಾಕಲು ಹೇಳಿದೆ.

ಡಿಸೆಂಬರ್ 17

ಮಲಗಿ ಮಲಗಿ ಫೋನಿನಲ್ಲಿ ಸೈಕಲ್ ಸಿನಿಮಾಗಳನ್ನು ನೋಡಿದೆ. ಮೊದಲು ಸವಾರನ ಕಾಲು ನೋಡುತ್ತಿದ್ದೆ: ಪೆಡಲ್ ಎಲ್ಲಿ ನಿಂತಿದೆ, ಮೊಣಕಾಲು ಎಷ್ಟು ಬಾಗಿದೆ. ಈಗ ಕಾಲು ನೋಡಲು ಮನಸ್ಸಿಲ್ಲ. ಕ್ಯಾಮೆರಾ ಎಲ್ಲಿದೆ ಎಂದು ನೋಡುತ್ತೇನೆ.

ಹೆಚ್ಚಿನವು ಸುಳ್ಳು. ಡ್ರೋನ್ ಮೇಲಿಂದ ನೋಡಿದರೆ ಎಂಥ ಕಡಿದಾದ ಇಳಿಜಾರೂ ಹಾಸಿದ ಚಾಪೆಯಾಗುತ್ತದೆ. ಜಿಗಿಯುವುದನ್ನು ಒಂದು ಕ್ಯಾಮೆರಾದಲ್ಲಿ, ಇಳಿಯುವುದನ್ನು ಇನ್ನೊಂದರಲ್ಲಿ ತೋರಿಸಿದರೆ ನಡುವಿನದ್ದನ್ನು ನಾನೇಕೆ ನಂಬಬೇಕು? ನಿಧಾನಗತಿಯಲ್ಲಿ ಹಾರಿಸಿದರೆ ಮನುಷ್ಯನಿಗೆ ತೂಕವೇ ಇರುವುದಿಲ್ಲ. ಹಾಡು ಹಾಕಿದರಂತೂ ಮುಗಿಯಿತು, ಹರಳುಕಲ್ಲಿನ ಮೇಲೆ ಟೈರಿನ ಸಪ್ಪಳವೂ ಇಲ್ಲ, ಸವಾರನ ಉಸಿರೂ ಇಲ್ಲ.

ಒಂದು ಮಾತ್ರ ಹಿಡಿದು ನಿಲ್ಲಿಸಿತು. ಅದರಲ್ಲಿ ಹುಡುಗಿಯೊಬ್ಬಳು ಬಂಡೆಯ ಅಂಚಿಗೆ ಬಂದು, ಕೆಳಗೆ ನೋಡಿ, ಹಿಂದೆ ಹೋಗುತ್ತಾಳೆ. ಮತ್ತೆ ಬರುತ್ತಾಳೆ. ಮತ್ತೆ ಹೋಗುತ್ತಾಳೆ. ಕ್ಯಾಮೆರಾ ಅಲ್ಲಾಡುವುದಿಲ್ಲ. ಅವಳು ಕೊನೆಗೆ ಜಿಗಿದಾಗ ನನ್ನ ಕೈ ಹಾಸಿಗೆಯನ್ನು ಹಿಡಿದಿತ್ತು. ಒಳ್ಳೆಯ ಸಿನಿಮಾಕ್ಕೆ ಜಿಗಿತಕ್ಕಿಂತ ಅದರ ಮುಂಚಿನ ಹೆದರಿಕೆ ಬೇಕು.

ಅಫ್ರೀನಳಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಎಷ್ಟು ಹೊತ್ತು ಮಾತಾಡಿದೆನೋ, ಕಿವಿ ಬಿಸಿಯಾಗಿತ್ತು. ಅಡುಗೆಮನೆ ಬಾಗಿಲಲ್ಲಿ ಸಂತೂ ನಿಂತು ಕೇಳುತ್ತಿದ್ದ. ಯಾಕೋ ನಗುತ್ತಿದ್ದ.

ಡಿಸೆಂಬರ್ 30

ಎಳ್ಳ ಅಮಾವಾಸ್ಯೆ. ಓಣಿಯವರೆಲ್ಲ ಬೆಳೆಯ ಪೂಜೆಗೆ ಹೊಲಕ್ಕೆ ಹೋದರು. ನಮ್ಮ ಪಾಲಿನ ಸಜ್ಜೆ ರೊಟ್ಟಿ, ಭಜ್ಜಿ ಮನೆಗೇ ಬಂತು. ಅಫ್ರೀನ ಸಿನಿಮಾವನ್ನು ಇದ್ದಷ್ಟು ಜೋಡಿಸಿಕೊಂಡು ಬಂದಿದ್ದಳು. ಸಂತೂ ಸೇರಿ ಮೂವರೂ ಕೂತು ಉಂಡು, ನೋಡಿದೆವು.

ಆಳಂದದ ಭಾಗ ಚೆನ್ನಾಗಿದೆ. ಕೊಯ್ದ ತೊಗರಿಯ ಕೂಳಿ ಚುಚ್ಚಿ ಟೈರ್ ಪಂಕ್ಚರಾಗಿ ನಾನು ಸೈಕಲ್ ಹೊತ್ತು ನಡೆಯುವುದು ಎಲ್ಲಕ್ಕಿಂತ ಚೆನ್ನಾಗಿದೆ. ಆದರೆ ಅದಾದ ಮೇಲೆ ಏನೂ ಇಲ್ಲ. ಹೊಳೆದಂಡೆ ಇಲ್ಲ, ಖಣಿ ಇಲ್ಲ.

“ಇಷ್ಟಕ್ಕೇ ಮುಗಸೋಣ್ರಿ,” ಅಂದಳು ಅಫ್ರೀನ. “ಸಣ್ಣ ಸಿನಿಮಾ ಆಗ್ತದ, ಆಗ್ಲಿ.”

“ಖಣಿ ಇಲ್ದ ಸಿನಿಮಾನೇ ಅಲ್ಲ.”

ಆಗ ಸಂತೂ ಅಂದ: “ನಾ ಓಡಸ್ಲೇನಣ್ಣ? ನೀನೇ ಕಲಸೀದಿಯಲ್ಲ.”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

ಬೇಡ ಎಂದು ಹೇಳಬೇಕೆಂದು ಬಾಯಿ ತೆರೆದೆ. “ಹೊಳೆದಂಡಿ ಮೊದ್ಲ ನೋಡೋಣು,” ಎಂದು ಬಂತು.

ಜನವರಿ 6, 2025

ಅವ್ವ ಮಾತಾಡಿದಳು. ಇಷ್ಟು ದಿನಗಳ ಮೇಲೆ ನನಗೇ ಹೇಳಿದ ಮೊದಲ ಮಾತು: “ಒಬ್ಬ ಮಲಗಿದ್ದು ಸಾಲದೇನಪಾ? ಇನ್ನೊಂದು ಮಂಚ ಎಲ್ಲಿ ಹಾಕ್ಲಿ ಹೇಳು.”

ಹೊಳೆದಂಡೆ ಮಣ್ಣಿನ ಇಳಿಜಾರು, ಬಿದ್ದರೂ ಏನಾಗುವುದಿಲ್ಲ ಎಂದು ವಿವರಿಸಿದೆ. ಕೇಳಿಸಿಕೊಳ್ಳಲಿಲ್ಲ. ಕರಜಗಿಯಲ್ಲಿ ಬೆಳಕು ಯಾವ ಹೊತ್ತಿಗೆ ಒಳ್ಳೆಯದು ಎಂದು ಯೋಚಿಸುತ್ತಿದ್ದೆ, ಆ ಯೋಚನೆಯ ಎಳೆ ತಪ್ಪಿಹೋಯಿತು.

ಜನವರಿ 19

ಕರಜಗಿಗೆ ಹೋಗಿಬಂದೆ! ಉಸ್ಮಾನಸಾಬರ ಜೀಪಿನ ಹಿಂದಿನ ಸೀಟು ಬಿಚ್ಚಿ ಗಾಲಿಕುರ್ಚಿಯನ್ನು ಹಾಗೆಯೇ ಏರಿಸಿದರು. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ನೀರಾವರಿ ಇದ್ದಲ್ಲಿ ಹಸಿರು, ದಾಟಿದ ಕೂಡಲೇ ಬೂದು. ಸಿನಿಮಾದಲ್ಲಿ ಈ ಬದಲಾವಣೆ ಬರಬೇಕು.

ಸಂತೂ ಚೆನ್ನಾಗಿ ಓಡಿಸುತ್ತಾನೆ. ಆದರೆ ಜಾಗರೂಕ. ಬ್ರೇಕಿನ ಮೇಲೆ ಬೆರಳು ಇಟ್ಟೇ ಇರುತ್ತಾನೆ, ಕ್ಯಾಮೆರಾಕ್ಕೆ ಅದು ಕಾಣುತ್ತದೆ. ಹೊಳೆಯಿಂದ ಮೇಲೆ ಬಂದ ಎಮ್ಮೆಯೊಂದು ದಾರಿಗೆ ಅಡ್ಡ ನಿಂತಿತು. ಅವನು ಸೈಕಲ್ ಇಳಿದು ಎಮ್ಮೆಗೆ ಕೈ ಮುಗಿದ. ಎಲ್ಲರೂ ನಕ್ಕೆವು. ಅದನ್ನು ಇಡಬೇಕು, ನಗಿಸಿದ ಮೇಲೆ ಹೆದರಿಸಿದರೆ ಹೆದರಿಕೆ ಹೆಚ್ಚು.

ಬ್ರೇಕ್ ಬಿಡು ಎಂದು ಕೂಗಿ ಕೂಗಿ ಗಂಟಲು ಕಟ್ಟಿತು. ಕೊನೆಗೆ ಬಿಟ್ಟ. ದಂಡೆ ಇಳಿದು ನೀರಿಗೆ ಬಿದ್ದ. ನಗುತ್ತ ಎದ್ದು, “ಈಗರೇ ಖುಷಿ ಆಯ್ತೇನಣ್ಣ?” ಅಂದ. ಆಗಿತ್ತು.

ಈ ರಾತ್ರಿ ಊಟ ರುಚಿಸಿತು. ಎರಡು ರೊಟ್ಟಿ ಹೆಚ್ಚು ತಿಂದೆ.

ಜನವರಿ 31

ಸಂತೂನ ಮೈದಾನದ ಪರೀಕ್ಷೆ ಮಾರ್ಚಿ ತಿಂಗಳಲ್ಲಿ. ಸಿನಿಮಾ ಕಳಿಸಲು ಫೆಬ್ರುವರಿಯ ಕೊನೆಯೇ ಗಡುವು. ಹಾಗಾಗಿ ಖಣಿ ಮೊದಲು ಆಗಬೇಕು. ಬೇರೆ ದಾರಿಯಿಲ್ಲ.

ಅಫ್ರೀನ ಒಪ್ಪುತ್ತಿಲ್ಲ. “ಪರೀಕ್ಷಾ ಮುಗೀಲ್ರಿ. ಮುಂದಿನ ವರ್ಷನೂ ಪುಣೆ ಇರ್ತದ.”

“ಮುಂದಿನ ವರ್ಷ ನಾ ಇರ್ತೇನೋ ಇಲ್ಲೋ.”

“ಅವನ ಮುಂದ ಹಂಗ ಅನಬ್ಯಾಡ್ರಿ ಅಮರಣ್ಣ. ನೀವು ಹಂಗಂದ್ರ ಅವ ಇಲ್ಲಾ ಅನ್ನಂಗಿಲ್ಲ.”

ಅದು ನನಗೂ ಗೊತ್ತು. ಸಂಜೆ ಅವನ ಮುಂದೆ ಅದನ್ನೇ ಅಂದೆ. ಅವನು ನನ್ನ ಕಾಲಿಗೆ ಎಣ್ಣೆ ಹಚ್ಚುತ್ತಿದ್ದ. ಹಚ್ಚುತ್ತಲೇ, “ಯಾವತ್ತು ಹೋಗೋಣು?” ಎಂದು ಕೇಳಿದ.

ಫೆಬ್ರುವರಿ 9

ಬಂತು. ಬೇಕಾದ ಶಾಟ್ ಕೊನೆಗೂ ಬಂತು.

ಬೆಳಕು ಓರೆಯಾಗಿ ಬಿದ್ದು ಖಣಿಯ ಒಂದೊಂದು ಪದರವೂ ಎದ್ದು ಕಾಣುತ್ತಿತ್ತು. ಎತ್ತರ ತಿಳಿಯಬೇಕಾದರೆ ಅಂಚಿನಲ್ಲಿ ಏನಾದರೂ ಜೀವ ಇರಬೇಕು. ಅಲ್ಲೇ ಆಡು ಮೇಯಿಸುತ್ತಿದ್ದ ಖಾಸೀಂಬಿ ಎಂಬ ಮುದುಕಿಗೆ ಹೇಳಿ ನಾಲ್ಕು ಆಡುಗಳನ್ನು ಮೇಲೆ ನಿಲ್ಲಿಸಿದೆವು. ಅಫ್ರೀನ ಕೆಳಗೆ, ಇಳಿಜಾರಿನ ಪಕ್ಕ. ನಾನು ಎದುರಿಗೆ ದೂರದಲ್ಲಿ, ಕುರ್ಚಿಯ ಕೈಗೆ ಮೊಣಕೈ ಊರಿ ಫೋನ್ ಹಿಡಿದು, ಇಡೀ ಖಣಿ ಕಾಣುವ ಹಾಗೆ.

ಸಂತೂ ಅಂಚಿಗೆ ಬಂದ, ನೋಡಿದ, ಹಿಂದೆ ಹೋದ. ನಾನು ಹೇಳಿಕೊಟ್ಟದ್ದಲ್ಲ, ನಿಜವಾಗಿ ಹೋದ. ಮತ್ತೆ ಬಂದ. ಹೆಲ್ಮೆಟ್ ತೆಗೆದು ಬೆವರು ಒರೆಸಿಕೊಂಡ. “ಆಗಂಗಿಲ್ಲ ಅನಸ್ತದಣ್ಣ” ಎಂದು ಮೇಲಿಂದ ಕೂಗಿದ. ಗಾಳಿಗೆ ಮಾತು ಹರಿದು ಬಂತು. “ಕೆಳಗ ನೋಡಬ್ಯಾಡ, ನನ್ನ ನೋಡು,” ಎಂದು ಕೂಗಿದೆ. ಬಹಳ ಹೊತ್ತು ಹಾಗೇ ನಿಂತ. ಆಮೇಲೆ ಜಿಗಿದ.

ಹಿಂದಿನ ಗಾಲಿ ಸರಿಯಾಗಿಯೇ ತಾಗಿತು. ಮುಂದಿನದು ಬಂಡೆಯ ಸೀಳಿನಲ್ಲಿ ಸಿಕ್ಕಿತು. ಮೈ ಒಂದು ಕಡೆ, ಸೈಕಲ್ ಒಂದು ಕಡೆ. ಬಿಳಿ ದೂಳು ಎದ್ದು ಬೆಳಕಿನಲ್ಲಿ ನಿಂತುಬಿಟ್ಟಿತು. ಸೈಕಲ್ ಒಂದೇ ಇಳಿಜಾರಿನಲ್ಲಿ ಸ್ವಲ್ಪ ದೂರ ಉರುಳಿ ಅಡ್ಡಬಿತ್ತು. ಆಡುಗಳು ಕತ್ತು ಎತ್ತಿ ನೋಡಿದವು. ಅಂಚಿನ ಹೆದರಿಕೆಯಿಂದ ದೂಳು ಇಳಿಯುವವರೆಗೆ, ಎಲ್ಲವೂ ಒಂದೇ ಶಾಟಿನಲ್ಲಿ, ಕತ್ತರಿಯಿಲ್ಲದೆ. ಅಫ್ರೀನಳದ್ದು ಉಪಯೋಗಕ್ಕೆ ಬರುವುದಿಲ್ಲ. ಅವಳು ಕ್ಯಾಮೆರಾ ಎಸೆದು ಓಡಿದ್ದಳು. ನನ್ನದು ಅಲ್ಲಾಡಿಲ್ಲ. ನಾನು ಓಡಲಾರೆ. ಹಿಡಿದದ್ದನ್ನು ಹಿಡಿದೇ ಇದ್ದೆ.

ಸಂತೂನನ್ನು ಜೀಪಿನಲ್ಲಿ ಕಲಬುರಗಿಗೆ ಒಯ್ದರು. ಬಲಗಾಲು. ಎಚ್ಚರ ಇತ್ತು.

ಅವನನ್ನು ಮಲಗಿಸಿದ ಮೇಲೆ ಜೀಪಿನಲ್ಲಿ ನನ್ನ ಕುರ್ಚಿಗೆ ಜಾಗವಿರಲಿಲ್ಲ. ಯಾರಾದರೂ ಬಂದು ಒಯ್ಯುವವರೆಗೆ ಖಾಸೀಂಬಿ ನನ್ನ ಹತ್ತಿರ ಕೂತಿದ್ದಳು. ನಾನು ಶಾಟನ್ನು ಮತ್ತೆ ಮತ್ತೆ ನೋಡಿದೆ. ಅವಳೂ ಬಗ್ಗಿ ನೋಡಿದಳು. “ಇವ ನಿನ್ನ ತಮ್ಮ ಅಲ್ಲೇನಪಾ?” ಎಂದು ಕೇಳಿದಳು. ಹೌದು ಅಂದೆ. ಎದ್ದುಹೋಗಿ ಆಡುಗಳ ಹತ್ತಿರ ಕೂತಳು.

ಫೆಬ್ರುವರಿ 10

ತೊಡೆಯ ಎಲುಬು, ಮೊಣಕಾಲಿನ ಚಿಪ್ಪು. ರಾಡ್ ಹಾಕಿದ್ದಾರೆ.

ಫೆಬ್ರುವರಿ 16

ಅವ್ವ ಸಂತೂನ ಜೊತೆ ಆಸ್ಪತ್ರೆಯಲ್ಲಿದ್ದಾಳೆ. ಉಸ್ಮಾನಸಾಬರು ದಿನವೂ ಬಂದು ನನ್ನನ್ನು ಮಗ್ಗುಲಾಗಿಸುತ್ತಾರೆ, ಮೂತ್ರದ ಪೈಪಿನ ಚೀಲ ಖಾಲಿ ಮಾಡುತ್ತಾರೆ. ಅವರಿಗೆ ಸೊಂಟ ನೋವು. ನನ್ನನ್ನು ಎತ್ತುವಾಗ “ಯಾ ಅಲ್ಲಾ” ಎನ್ನುತ್ತಾರೆ.

ಡಾಕ್ಟರು ಫೋನಿನಲ್ಲಿ ಹೇಳಿದರು: ನಡೆಯುತ್ತಾನೆ, ಕೋಲು ಹಿಡಿದು. ಓಡುವುದು ಮರೆತುಬಿಡಿ.

ಫೆಬ್ರುವರಿ 24

ಅಫ್ರೀನಳನ್ನು ಕರೆಸಿದೆ. ಗಡುವು ಹತ್ತಿರ ಬಂದಿದೆ. ಶಾಟನ್ನು ಎಲ್ಲಿ ಮುಗಿಸಬೇಕು ಎಂದು ಹೇಳತೊಡಗಿದೆ: ದೂಳು ಪೂರ್ತಿ ಇಳಿಯುವ ಮೊದಲು, ಆಡುಗಳು ನೋಡುತ್ತಿರುವಾಗಲೇ.

ಅವಳು ಕೂರಲಿಲ್ಲ. “ನಿಮ್ಮದು ಅಳಸಂದ್ರಿ, ಅಳಸಿದ್ನಿ. ಅವಂದು ಯಾಕ ಅಳಸಬಾರ್ದು?”

“ಅದು ಬ್ಯಾರೆ.”

“ಹ್ಯಾಂಗ ಬ್ಯಾರೆ?”

ನನ್ನದು ಕೆಟ್ಟ ಶಾಟ್ ಆಗಿತ್ತು ಎಂದು ಹೇಳಿದೆ. ಫೋಕಸ್ ಇರಲಿಲ್ಲ, ಅರ್ಧ ಮೈ ಚೌಕಟ್ಟಿನ ಹೊರಗಿತ್ತು. ಅದು ನಿಜ.

ಅಫ್ರೀನ ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟಳು. “ನೀವು ತಗದದ್ದು, ನೀವೇ ಕತ್ತರಸ್ರಿ. ನನ್ನ ಕೈಲೆ ಆಗಂಗಿಲ್ಲ.”

ಅವನನ್ನಾದರೂ ಒಂದು ಮಾತು ಕೇಳಬೇಕೆಂದು ಆಸ್ಪತ್ರೆಗೆ ಫೋನ್ ಮಾಡಿದೆ. ಸಂತೂ “ಕಳಸಣ್ಣ,” ಅಂದ. “ಕಾಲಂತೂ ಹೋತು. ಸಿನಿಮಾನರೇ ಇರ್ಲಿ.”

ನಾನೇ ಜೋಡಿಸಿದೆ. ಕಳಿಸಿದೆ.

ಮಾರ್ಚ್ 14

ಸಂತೂ ಮನೆಗೆ ಬಂದ. ಪಡಸಾಲೆಯಲ್ಲಿ ಎರಡು ಮಂಚ, ನಡುವೆ ಒಂದು ಸ್ಟೂಲು. ಅವನ ಮೈದಾನದ ಪರೀಕ್ಷೆ ಮೊನ್ನೆಯೇ ಮುಗಿದಿದೆ. ಜೊತೆಗೆ ಓಡುತ್ತಿದ್ದ ಗೆಳೆಯರು ನೋಡಲು ಬಂದಿದ್ದರು. ಇಬ್ಬರು ಪಾಸಾಗಿದ್ದಾರೆ. ಅದನ್ನು ಹೇಳದೆ ಪೇಡೆ ಮಾತ್ರ ಕೊಟ್ಟರು. ಸಂತೂಗೆ ತಿಳಿಯಿತು. ತಿಂದು, “ಛಲೋ ಅದ,” ಅಂದ.

ಅವ್ವ ಈಗ ಇಬ್ಬರೊಂದಿಗೂ ಮಾತಾಡುವುದಿಲ್ಲ.

ಏಪ್ರಿಲ್ 2

ಪುಣೆಯಿಂದ ಮೇಲ್ ಬಂದಿದೆ. ಆಯ್ಕೆಯಾಗಿದೆ. “ಕೊನೆಯ ಶಾಟಿನ ಪ್ರಾಮಾಣಿಕತೆ ನಮ್ಮನ್ನು ಅಲ್ಲಾಡಿಸಿತು” ಎಂದು ಬರೆದಿದ್ದಾರೆ.

ಗಟ್ಟಿಯಾಗಿ ಓದಿದೆ. ಸಂತೂ ನಿದ್ದೆ ಮಾಡುತ್ತಿದ್ದ. ಮಾಡುತ್ತಿದ್ದನೋ ಇಲ್ಲವೋ. ಅವ್ವ ಒಳಗಿಂದ ಬಂದು, ಅವನ ಮೇಲೆ ಕೂತ ನೊಣ ಓಡಿಸಿ, ಹೋದಳು.

ಇನ್ನೊಮ್ಮೆ ಓದಲು ಹೋದೆ. ಓದಲಿಲ್ಲ. ಯಾಕೋ ದಣಿವು.

ಏಪ್ರಿಲ್ 11

ಬಿಸಿಲು. ಮಧ್ಯಾಹ್ನ ಕರೆಂಟ್ ಇರುವುದಿಲ್ಲ. ಸಂತೂ ಕೋಲು ಹಿಡಿದು ನಿಲ್ಲಲು ನೋಡಿದ. ಆಗಲಿಲ್ಲ. ಮೊಣಕಾಲು ಬಾಗುವುದಿಲ್ಲ. ಅವನು ಬೆಳಿಗ್ಗೆ ಓಡಿ ಬಂದಾಗ ಅವನ ಮೈಯಿಂದ ಬರುತ್ತಿದ್ದ ವಾಸನೆ ಈಗ ಇಲ್ಲ. ನಮ್ಮಿಬ್ಬರಿಂದಲೂ ಔಷಧದ ವಾಸನೆ ಬರುತ್ತದೆ.

ಶಾಟನ್ನು ನೋಡಲು ಫೋನ್ ತೆಗೆದೆ. ಅವನು “ಆಗಂಗಿಲ್ಲ ಅನಸ್ತದಣ್ಣ” ಎನ್ನುವಲ್ಲಿಗೆ ನಿಲ್ಲಿಸಿದೆ. ಆ ಮಾತಿನಲ್ಲಿ ಪ್ರಶ್ನೆ ಇತ್ತು. ಇಷ್ಟು ಸಲ ನೋಡಿದರೂ ಗಾಳಿಯ ಸದ್ದು ಹೆಚ್ಚಾಯಿತೇ ಎಂದಷ್ಟೇ ಕಿವಿಗೊಟ್ಟಿದ್ದೆ.

ಏಪ್ರಿಲ್ 19

ಇವತ್ತು ಮಧ್ಯಾಹ್ನ ಪುಣೆಯಲ್ಲಿ ಸಿನಿಮಾ ತೋರಿಸಿದರು. ಅಫ್ರೀನ ತಂದೆಯನ್ನು ಕರೆದುಕೊಂಡು ಹೋಗಿದ್ದಾಳೆ. “ಆಳಂದ, ಕರಜಗಿ ನಾ ತಗದದ್ದು. ಅದಕ್ಕ ಹೋಗಾಕತ್ತೇನಿ,” ಎಂದು ಹೇಳಿ ಹೋಗಿದ್ದಳು. ಆದರೂ ಅಲ್ಲಿಂದ ಫೋನ್ ಮಾಡಿದಳು. “ಈಗ ಚಾಲೂ ಆಗ್ತದ್ರಿ. ಫೋನ್ ಹಿಡಿದಿರ್ತೇನಿ, ಕೇಳ್ರಿ.”

ಸ್ಟೂಲಿನ ಮೇಲೆ ಫೋನ್ ಇಟ್ಟು ಸ್ಪೀಕರ್ ಹಾಕಿದೆ. ಮಂಚಗಳ ಮೇಲಿಂದ ಇಬ್ಬರೂ ಕೇಳಿದೆವು. ಆಳಂದದ ಹರಳಿನ ಮೇಲೆ ನನ್ನ ಟೈರಿನ ಸಪ್ಪಳ. ಎಮ್ಮೆ ಬಂದಾಗ ಥಿಯೇಟರೆಲ್ಲ ನಕ್ಕಿತು, ಸಂತೂ ಕೂಡ ನಕ್ಕ. ಆಮೇಲೆ ಖಣಿಯ ಗಾಳಿ, ಆಡುಗಳ ಗಂಟೆ. ಜನ ಉಸಿರು ಬಿಡುತ್ತಿಲ್ಲ ಎನ್ನುವುದು ಫೋನಿನಲ್ಲೂ ತಿಳಿಯುತ್ತಿತ್ತು. ಸಂತೂನ ಧ್ವನಿ. ನನ್ನ ಧ್ವನಿ. ಗಾಲಿ. ಅಷ್ಟೂ ಜನ ಒಟ್ಟಿಗೆ “ಹಾ” ಎಂದರು. ಆಮೇಲೆ ಚಪ್ಪಾಳೆ. ನಿಲ್ಲಲೇ ಇಲ್ಲ.

“ಬಂದ್ ಮಾಡಣ್ಣ,” ಅಂದ ಸಂತೂ.

ಬಂದ್ ಮಾಡಿದೆ.

ಅವನು ಛತ್ತು ನೋಡುತ್ತ ಹೇಳಿದ: “ಅಂಚಿನ ಮ್ಯಾಲ ನಿಂತಾಗ್ಲೇ ಗೊತ್ತಿತ್ತು ನನಗ ಆಗಂಗಿಲ್ಲಂತ.”

“ಮತ್ತ ಯಾಕ ಜಿಗದಿ?”

“ನೀ ದವಾಖಾನಿಯಿಂದ ಬಂದಾಗಿಂದ ಗ್ವಾಡಿ ಕಡಿ ಮಾರಿ ಮಾಡಿ ಮಲಗತಿದ್ದಿ. ಉಣವಲ್ಲಿ, ಮಾತಿಲ್ಲ. ಸತ್ತಗಿತ್ತೀ ಅಂತ ನಾ ರಾತ್ರಿ ಎದ್ದೆದ್ದು ನೋಡತಿದ್ನಿ. ಸಿನಿಮಾದ ಮಾತು ಬಂದ ಮ್ಯಾಲ ಹೊಳ್ಳಿ ನನ್ನ ಅಣ್ಣ ಆದಿ. ನಾ ಒಲ್ಲೆ ಅಂದ್ರ ಮತ್ತ ಗ್ವಾಡಿ ಕಡಿ ಹೊಳ್ಳತಿ ಅಂತ…”

ಮುಖದ ಮೇಲೆ ತೋಳು ಹಾಕಿಕೊಂಡು ಅತ್ತ. ಬಿದ್ದಾಗ ಅತ್ತಿರಲಿಲ್ಲ, ಪೇಡೆ ತಿನ್ನುವಾಗ ಅತ್ತಿರಲಿಲ್ಲ.

ಕುರ್ಚಿ ದೂರದಲ್ಲಿತ್ತು, ಅವ್ವ ಕಸ ಗುಡಿಸುವಾಗ ಸರಿಸಿದ್ದಳು. ಮಂಚದ ಪಟ್ಟಿ ಹಿಡಿದು ಉರುಳಿದೆ. ಕೆಳಗಿನ ಅರ್ಧ ಎಲ್ಲಿ ಬಿತ್ತೋ ತಿಳಿಯಲಿಲ್ಲ. ಭುಜ, ಮೊಣಕೈ ಫರಸಿ ನೆಲಕ್ಕೆ ಬಡಿದವು. ಸ್ಟೂಲು ದೂಡಿ, ಮೊಣಕೈಯ ಮೇಲೆ ಮೈ ಎಳೆದುಕೊಂಡು ಹೋದೆ. ಅಷ್ಟು ದಾರಿಗೆ ಬೆವರು ಹರಿಯಿತು. ಮಂಚದಿಂದ ಅವನ ಕೈ ಇಳಿಬಿದ್ದಿತ್ತು. ಹಿಡಿದೆ.

“ನಾನೇ ನಿನ್ನ ದೂಡಿದ್ನಲ್ಲೋ ಸಂತೂ,” ಅಂದೆ.

“ಹೌದು,” ಅಂದ.

ಕೈ ಬಿಡಿಸಿಕೊಳ್ಳಲಿಲ್ಲ.

ಸಪ್ಪಳ ಕೇಳಿ ಅವ್ವ ಹಿಟ್ಟಿನ ಕೈಯಲ್ಲೇ ಬಂದಳು. ನನ್ನನ್ನು ಎತ್ತುವುದು ಅವಳೊಬ್ಬಳಿಂದ ಆಗುವುದಿಲ್ಲ, ಉಸ್ಮಾನಸಾಬರು ಊರಲ್ಲಿಲ್ಲ. ನಿಂತು ನೋಡಿದಳು. ಆಮೇಲೆ ನನ್ನ ದಿಂಬು ತಂದು ತಲೆಯ ಕೆಳಗೆ ಇಟ್ಟಳು. ಸೆರಗಿನಿಂದ ಮೊಣಕೈಯ ರಕ್ತ ಒರೆಸಿದಳು. “ಭಾಳ ಉರೀತದೇನು?” ಎಂದು ನನ್ನನ್ನೇ ಕೇಳಿದಳು.

ಅವಳು ಇನ್ನೂ ಇಲ್ಲೇ ನೆಲದ ಮೇಲೆ ಕೂತಿದ್ದಾಳೆ. ಒಲೆಯ ಮೇಲೆ ರೊಟ್ಟಿ ಸುಟ್ಟ ವಾಸನೆ ಬರುತ್ತಿದೆ, ಎದ್ದು ಹೋಗುತ್ತಿಲ್ಲ. ನಾನು ಒಂದು ಕೈಯಿಂದ ಬರೆಯುತ್ತಿದ್ದೇನೆ.